ನಿಂತುಹೋದ ಫೋರಂ ಮತ್ತೆ ಮಾತಾಡಬೇಕಾದರೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಒಂದೇ ಚಿಂತೆ ಬೇರೆ ಬೇರೆ ಮುಖದಲ್ಲಿ ಕಾಣಿಸಿತು. ಒಂದು ಕಾಲದಲ್ಲಿ ಗಿಜಿಗುಡುತ್ತಿದ್ದ ಆನ್‌ಲೈನ್ ಫೋರಂ ಈಗ ಸದ್ದಿಲ್ಲದೆ ಬಿದ್ದಿದೆ, ಅದನ್ನು ಎಬ್ಬಿಸುವುದು ಹೇಗೆ ಅಂತ. ಹಾಗಾಗಿ ಇಡೀ ಅಂಕಣವನ್ನು ಇದಕ್ಕೇ ಬಿಟ್ಟಿದ್ದೇವೆ. ಬರೆದವರ ಹೆಸರುಗಳನ್ನು ಹಾಕಿಲ್ಲ.

ಪ್ರಶ್ನೆ: ಹಳೆಯ ಫಿಲ್ಮ್ ಕ್ಯಾಮೆರಾಗಳ ರಿಪೇರಿಗೇ ಮೀಸಲಾದ ಫೋರಂ ಒಂದಿದೆ. ನಾನು ಕಲಿತದ್ದೆಲ್ಲ ಅಲ್ಲೇ. ಕೆಲವು ವರ್ಷಗಳಿಂದ ಅದನ್ನು ಯಾರೂ ನೋಡಿಕೊಳ್ಳುತ್ತಿಲ್ಲ, ಮುಖಪುಟದ ತುಂಬ ಸ್ಪ್ಯಾಮ್. ಶುರು ಮಾಡಿದವರಿಗೆ ಬರೆದು ಬರೆದು ಕೇಳಿದ ಮೇಲೆ, "ನೀವೇ ನೋಡಿಕೊಳ್ಳಿ" ಅಂತ ಅಡ್ಮಿನ್ ಪಾಸ್‌ವರ್ಡ್ ಕೊಟ್ಟಿದ್ದಾರೆ. ಹೊಸ ವಿನ್ಯಾಸ ಮಾಡಿಸಿ, ಸದಸ್ಯರಿಗೆಲ್ಲ ಒಂದು ಇಮೇಲ್ ಕಳಿಸೋಣ ಅಂತಿದ್ದೇನೆ. ಸರಿ ತಾನೇ?

ಉತ್ತರ: ಎರಡೂ ಈಗ ಬೇಡ. ವಿನ್ಯಾಸ ಹಳೆಯದಾಯ್ತು ಅಂತ ಯಾರೂ ನಿಮ್ಮ ಫೋರಂ ಬಿಟ್ಟು ಹೋಗಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಬರುವುದು ನಿಂತಾಗ ಹೋದರು. ನೀವು ಸರಿಮಾಡಬೇಕಾದ್ದು ಅದನ್ನೇ. ಆದರೆ ಅದಕ್ಕೂ ಮೊದಲು ಒಂದಷ್ಟು ಮನೆಗೆಲಸ ಇದೆ.

ನಿಮ್ಮ ಕೈಗೆ ಬಂದಿರುವುದು ಫೋರಂನ ಅಡ್ಮಿನ್ ಪಾಸ್‌ವರ್ಡ್ ಮಾತ್ರ. ಡೊಮೇನ್ (ಫೋರಂನ ವೆಬ್ ವಿಳಾಸದ ಹೆಸರು) ಯಾರ ಹೆಸರಲ್ಲಿದೆ, ಯಾವ ಇಮೇಲ್‌ಗೆ ಅದರ ನವೀಕರಣದ ನೋಟಿಸ್ ಹೋಗುತ್ತೆ, ಸರ್ವರ್ ಬಾಡಿಗೆ ಯಾರ ಕಾರ್ಡಿನಿಂದ ಕಟ್ಟಾಗುತ್ತೆ, ಇವೆಲ್ಲ ಇನ್ನೂ ಹಳೆಯವರ ಹತ್ತಿರವೇ ಇರುತ್ತೆ. ಅವರು ಈಗ ಮಾತಿಗೆ ಸಿಗುತ್ತಿದ್ದಾರೆ, ಇನ್ನಾರು ತಿಂಗಳಿಗೆ ಸಿಗ್ತಾರೋ ಇಲ್ವೋ. ಡಾಟ್ ಕಾಮ್‌ನಂಥ ಹೆಸರಿನ ಅವಧಿ ಮುಗಿದರೆ ಸ್ವಲ್ಪ ದಿನ ವಿನಾಯಿತಿ ಸಿಗುತ್ತೆ. ಆಮೇಲೆ ಹೆಚ್ಚಿನ ಶುಲ್ಕ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಅದೂ ದಾಟಿದರೆ ಸುಮಾರು 5 ದಿನದಲ್ಲಿ ಆ ಹೆಸರು ಯಾರು ಬೇಕಾದರೂ ಕೊಳ್ಳಬಹುದಾದ ಸರಕು. ಹಳೆಯ ಫೋರಂಗಳ ಹೆಸರಿಗಾಗಿ ಕಾಯುತ್ತಾ ಕೂತವರು ತುಂಬ ಜನ ಇದ್ದಾರೆ, ಯಾಕಂದ್ರೆ ಬೇರೆ ಸೈಟುಗಳಿಂದ ಅದಕ್ಕೆ ವರ್ಷಗಟ್ಟಲೆ ಕೊಂಡಿಗಳು ಸೇರಿಕೊಂಡಿರುತ್ತವೆ. ಆದ್ದರಿಂದ ಡೊಮೇನ್ ಖಾತೆ, ಸರ್ವರ್ ಖಾತೆ, ಇವೆರಡಕ್ಕೂ ಜೋಡಿಸಿದ ಇಮೇಲ್ ಮೊದಲು ನಿಮ್ಮ ಹೆಸರಿಗೆ ಆಗಲಿ. ಇನ್ನೊಬ್ಬ ನಂಬಿಕಸ್ಥರ ಹತ್ತಿರವೂ ಆ ವಿವರಗಳು ಇರಲಿ. ಒಬ್ಬರ ಕೈಯಲ್ಲೇ ಎಲ್ಲ ಇದ್ದದ್ದರಿಂದ ತಾನೇ ನಿಮ್ಮ ಫೋರಂ ಈ ಸ್ಥಿತಿಗೆ ಬಂದದ್ದು.

ಆಮೇಲೆ ಬ್ಯಾಕಪ್. ಡೇಟಾಬೇಸ್ ಒಂದೇ ಸಾಲದು. ಸದಸ್ಯರು ಏರಿಸಿದ ಫೋಟೋ, ಫೈಲುಗಳು, ಸೆಟ್ಟಿಂಗ್ಸ್ ಇರುವ ಫೈಲು, ಎಲ್ಲವೂ ಬೇಕು. ಅದನ್ನು ಬೇರೊಂದು ಕಡೆ ಹಾಕಿ ಫೋರಂ ತೆರೆಯುತ್ತಾ ಅಂತ ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ಆ ನಕಲಿನ ಮೇಲೆಯೇ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಪರೀಕ್ಷಿಸಿ, ಎಲ್ಲ ಸರಿ ಇದೆ ಅನ್ನಿಸಿದರೆ ನಿಜವಾದ ಫೋರಂಗೆ ಕೈ ಹಾಕಿ. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಪಿಎಚ್‌ಪಿಬಿಬಿ ಥರದ ಫೋರಂ ಸಾಫ್ಟ್‌ವೇರನ್ನು ಒಂದೇ ಏಟಿಗೆ ಕೊನೆಯ ಆವೃತ್ತಿಗೆ ಎಳೆಯಲು ಹೋದರೆ ಹಳೆಯ ಪ್ಲಗಿನ್‌ಗಳು, ಅಂದರೆ ಆಮೇಲೆ ಜೋಡಿಸಿದ ಪುಟ್ಟ ಸಾಫ್ಟ್‌ವೇರುಗಳು, ಕೈಕೊಡುತ್ತವೆ. ಪ್ಲಗಿನ್‌ಗಳನ್ನೆಲ್ಲ ಆಫ್ ಮಾಡಿಯೇ ಶುರು ಮಾಡಿ. ಇನ್ನೊಂದು ವಿಷಯ. ಹಳೆಯ ಕಾಲದ ಕೆಲವು ಫೋರಂ ಸಾಫ್ಟ್‌ವೇರುಗಳು ಪಾಸ್‌ವರ್ಡನ್ನು ಎಂಡಿ5 ಎಂಬ ವಿಧಾನದಲ್ಲಿ ಇಡುತ್ತಿದ್ದವು, ಇವತ್ತಿನ ಲೆಕ್ಕಕ್ಕೆ ಅದು ಏನೇನೂ ಸುರಕ್ಷಿತ ಅಲ್ಲ. ನಿಮ್ಮದೂ ಹಾಗಿದ್ದರೆ ಎಲ್ಲರೂ ಮತ್ತೆ ಬಂದಾಗ ಹೊಸ ಪಾಸ್‌ವರ್ಡ್ ಇಡುವ ಹಾಗೆ ಮಾಡಿ.

ಇನ್ನು ಸ್ಪ್ಯಾಮ್. ಒಂದೊಂದೇ ಪೋಸ್ಟ್ ಅಳಿಸುತ್ತಾ ಕೂರಬೇಡಿ, ಸೋತು ಹೋಗುತ್ತೀರಿ. ಮೊದಲು ಹೊಸ ನೋಂದಣಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಆಮೇಲೆ ಸದಸ್ಯರ ಪಟ್ಟಿಯನ್ನು ಸೇರಿದ ದಿನಾಂಕದ ಪ್ರಕಾರ ಜೋಡಿಸಿ ನೋಡಿ. ಒಂದೇ ರಾತ್ರಿ ಸೇರಿದ ಖಾತೆಗಳ ರಾಶಿ, ಪ್ರೊಫೈಲಿನಲ್ಲಿ ಜೂಜಿನದೋ ಮಾತ್ರೆಯದೋ ವೆಬ್‌ಸೈಟ್, ಹೆಸರಿನ ಕೊನೆಗೆ ಅಂಕಿಗಳ ಸರಮಾಲೆ, ಇವು ಕಣ್ಣಿಗೆ ಹೊಡೆಯುತ್ತವೆ. ಆ ಖಾತೆಗಳನ್ನು ಪೋಸ್ಟ್ ಸಮೇತ ಒಟ್ಟಿಗೆ ತೆಗೆಯಿರಿ. ಆದರೆ ಒಂದೂ ಪೋಸ್ಟ್ ಮಾಡದವರನ್ನೆಲ್ಲ ಅಳಿಸುವ ಬಟನ್ ಇದೆಯಲ್ಲ, ಅದನ್ನು ದಯವಿಟ್ಟು ಒತ್ತಬೇಡಿ. ಸುಮ್ಮನೆ ಓದುವವರೇ ಫೋರಂನ ದೊಡ್ಡ ಭಾಗ. ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಕೊಟ್ಟ ಸ್ಥೂಲ ಲೆಕ್ಕದ ಪ್ರಕಾರ ನೂರರಲ್ಲಿ 90 ಜನ ಓದುತ್ತಾರೆ ಅಷ್ಟೇ, 9 ಜನ ಆಗೀಗ ಬರೆಯುತ್ತಾರೆ, ಒಬ್ಬರು ಮಾತ್ರ ಜಾಸ್ತಿ ಬರೆಯುತ್ತಾರೆ. ಇದು ಎಲ್ಲ ಕಡೆ ಕರಾರುವಾಕ್ಕಾಗಿ ಹೊಂದುತ್ತೆ ಅಂತಲ್ಲ, ಆದರೆ ಮೌನವಾಗಿರುವವರು ಬೇಡವಾದವರಲ್ಲ ಅನ್ನುವುದಕ್ಕೆ ಸಾಕು. ಹತ್ತು ವರ್ಷ ಸುಮ್ಮನೆ ಓದಿ, ಒಂದು ದಿನ ತನಗೆ ಮಾತ್ರ ಗೊತ್ತಿರುವ ಉತ್ತರ ಬರೆಯುವವರು ಇರುತ್ತಾರೆ.

ನೋಂದಣಿ ಮತ್ತೆ ತೆರೆಯುವಾಗ ನಿಮ್ಮ ವಿಷಯಕ್ಕೇ ಸಂಬಂಧಿಸಿದ ಒಂದು ಸುಲಭ ಪ್ರಶ್ನೆ ಇಡಿ. ಎರಡು ಕೂಡಿಸು ಮೂರು ಎಷ್ಟು ಅಂತ ಕೇಳಿದರೆ ಬಾಟ್‌ಗಳು, ಅಂದರೆ ತಾವಾಗಿಯೇ ಖಾತೆ ತೆರೆಯುವ ಪ್ರೋಗ್ರಾಂಗಳು, ಸಲೀಸಾಗಿ ದಾಟುತ್ತವೆ. ಫಿಲ್ಮ್ ತೊಳೆಯುವ ಕೋಣೆ ಹೇಗಿರಬೇಕು ಅಂತ ಕೇಳಿದರೆ ಬಾಟ್‌ಗಳಲ್ಲಿ ಒಂದಷ್ಟಾದರೂ ಅಲ್ಲೇ ಉದುರುತ್ತವೆ. ಮೊದಲ ಒಂದೆರಡು ಪೋಸ್ಟ್ ನಿಮ್ಮ ಒಪ್ಪಿಗೆ ಪಡೆದೇ ಕಾಣಿಸಲಿ. ಆ ಒಪ್ಪಿಗೆ ಅವತ್ತೇ ಸಿಗಬೇಕು, ಮೂರು ದಿನ ಕಾಯಿಸಿದರೆ ಅವರು ವಾಪಸ್ ಬರಲ್ಲ.

ಈಗ ನಿಜವಾದ ಕೆಲಸಕ್ಕೆ ಬರೋಣ. ಉತ್ತರ ಸಿಗದ ಪ್ರಶ್ನೆಗಳನ್ನು ಹುಡುಕಿ. ಹೆಚ್ಚಿನ ಸಾಫ್ಟ್‌ವೇರಿನಲ್ಲಿ ಅದಕ್ಕೇ ಒಂದು ಕೊಂಡಿ ಇರುತ್ತೆ. ಅಲ್ಲಿ ಇಂಥದ್ದೊಂದು ಸಿಗಬಹುದು: "ಫೋಟೋದ ಒಂದು ಅಂಚಿನಲ್ಲಿ ಕಿತ್ತಳೆ ಬಣ್ಣದ ಪಟ್ಟೆ ಬರುತ್ತಿದೆ, ಲೆನ್ಸ್ ಹಾಳಾಗಿದೆಯಾ?" ಕೆಳಗೆ ಸೊನ್ನೆ ಉತ್ತರ, ಮೂರು ವರ್ಷ ಆಗಿದೆ. ನಿಮಗೆ ಉತ್ತರ ಗೊತ್ತು. ಕ್ಯಾಮೆರಾದ ಹಿಂಬಾಗಿಲ ಸುತ್ತ ಇರುವ ಸ್ಪಂಜು ಹಳೆಯದಾಗಿ ಕರಗಿ ಅಂಟಂಟಾಗುತ್ತೆ, ಆ ಸಂದಿಯಲ್ಲಿ ಬೆಳಕು ನುಗ್ಗುತ್ತೆ, ಲೆನ್ಸಿನದ್ದೇನೂ ತಪ್ಪಿಲ್ಲ, ಹಳೆಯ ಸ್ಪಂಜನ್ನು ಕೆರೆದು ಹೊಸದು ಅಂಟಿಸಿದರಾಯ್ತು. ಇದನ್ನು ಪೂರ್ತಿಯಾಗಿ, ಫೋಟೋ ಸಮೇತ ಬರೆಯಿರಿ. ಕೇಳಿದವರಿಗೆ ತಡವಾಗಿರಬಹುದು. ಆದರೆ ಇದೇ ತೊಂದರೆ ಹುಡುಕುತ್ತಾ ಇವತ್ತು ಬರುವವರಿಗೆ ತಡವಾಗಿಲ್ಲ. ಕೇಳಿದವರಿಗೂ ಒಂದು ನೋಟಿಫಿಕೇಶನ್ ಹೋಗುತ್ತೆ, ಎಷ್ಟೋ ಜನ ಅಷ್ಟಕ್ಕೇ ಖುಷಿಯಿಂದ ವಾಪಸ್ ಬಂದು ಬಿಡುತ್ತಾರೆ.

ಹಾಗೇ ಬೆಲೆಬಾಳುವ ಹಳೆಯ ಥ್ರೆಡ್‌ಗಳನ್ನು, ಅಂದರೆ ಒಂದೊಂದು ಪ್ರಶ್ನೆಯ ಕೆಳಗೆ ಬೆಳೆದ ಚರ್ಚೆಗಳನ್ನು, ದುರಸ್ತಿ ಮಾಡಿ. ಹಳೆಯ ಕ್ಯಾಮೆರಾಗಳ ಮೀಟರಿಗೆ ಬೇಕಿದ್ದ 1.35 ವೋಲ್ಟಿನ ಪಾದರಸದ ಬ್ಯಾಟರಿ ಈಗ ಮಾರುಕಟ್ಟೆಯಲ್ಲಿಲ್ಲ, 1.5 ವೋಲ್ಟಿನ ಕ್ಷಾರೀಯ ಬ್ಯಾಟರಿ ಹಾಕಿದರೆ ಅನೇಕ ಮೀಟರ್‌ಗಳು ತಪ್ಪು ತೋರಿಸುತ್ತವೆ. ಇದಕ್ಕೆ ಯಾವ ಕ್ಯಾಮೆರಾದಲ್ಲಿ ಏನು ಪರಿಹಾರ ಅನ್ನುವ ಚರ್ಚೆ ನಿಮ್ಮಲ್ಲಿ ಹತ್ತು ಕಡೆ ಚೆದುರಿರುತ್ತೆ. ಅವನ್ನು ಒಂದೆಡೆ ತಂದು, ಯಾರು ಏನು ಕಂಡುಕೊಂಡರು ಅಂತ ಅವರವರ ಹೆಸರು ಹೇಳಿ ಮೇಲೆ ಅಂಟಿಸಿ. ಫೋಟೋಗಳೂ ಮಾಯವಾಗಿರುತ್ತವೆ. 2017ರಲ್ಲಿ, ಜನ ಫೋಟೋ ಏರಿಸಿಡುತ್ತಿದ್ದ ಫೋಟೋಬಕೆಟ್ ಕಂಪನಿ ಬೇರೆ ಸೈಟುಗಳಲ್ಲಿ ಫೋಟೋ ತೋರಿಸುವುದನ್ನು ದುಬಾರಿ ಚಂದಾ ಕಟ್ಟುವವರಿಗೆ ಮಾತ್ರ ಅಂತ ಮಾಡಿದಾಗ ಲೋಕದ ಎಷ್ಟೋ ಫೋರಂಗಳ ರಿಪೇರಿ ಪಾಠಗಳು ಒಂದೇ ಸಲಕ್ಕೆ ಕುರುಡಾದವು. ಹಳೆಯ ವೆಬ್ ಪುಟಗಳ ನಕಲು ಇಡುವ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಿದರೆ ಕೆಲವು ಸಿಗುತ್ತವೆ. ಸಿಕ್ಕವನ್ನು ನಿಮ್ಮ ಸರ್ವರಿನಲ್ಲೇ ಇಟ್ಟುಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ಇಮೇಲ್. ಅದೂ ಎಲ್ಲರಿಗೂ ಒಂದೇ ಸಲ ಅಲ್ಲ. ಹಳೆಯ ವಿಳಾಸಗಳಲ್ಲಿ ತುಂಬಾ ಸತ್ತುಹೋಗಿರುತ್ತವೆ. ಸಾವಿರಾರು ಪತ್ರ ಒಟ್ಟಿಗೆ ಹೋಗಿ ವಾಪಸ್ ಬಂದರೆ ನಿಮ್ಮ ಡೊಮೇನೇ ಸ್ಪ್ಯಾಮ್ ಕಳಿಸುವವರ ಪಟ್ಟಿಗೆ ಸೇರುತ್ತೆ, ಆಮೇಲೆ ಪಾಸ್‌ವರ್ಡ್ ಬದಲಿಸುವ ಪತ್ರ ಕೂಡ ಯಾರಿಗೂ ತಲುಪಲ್ಲ. ಕೊನೆಯ ಒಂದೆರಡು ವರ್ಷದಲ್ಲಿ ಲಾಗಿನ್ ಆದವರಿಂದ ಶುರು ಮಾಡಿ, ಸಣ್ಣ ಸಣ್ಣ ಗುಂಪಾಗಿ ಕಳಿಸಿ. ಅತಿ ಮುಖ್ಯರಾದ ಹತ್ತು ಹದಿನೈದು ಜನರಿಗೆ ಮಾತ್ರ ನೀವೇ ಕೈಯಾರೆ ಬರೆಯಿರಿ. "ನಾವು ಮರಳಿ ಬಂದಿದ್ದೇವೆ" ಅನ್ನುವ ಘೋಷಣೆ ಬೇಡ. "ನೀವು ಬರೆದ ಶಟರ್ ಪಾಠವನ್ನು ಇಬ್ಬರು ಕೇಳುತ್ತಿದ್ದಾರೆ, ಒಂದು ಹೆಜ್ಜೆ ಅರ್ಥವಾಗುತ್ತಿಲ್ಲ, ಸ್ವಲ್ಪ ನೋಡ್ತೀರಾ?" ಅಂತ ಕೇಳಿ. ಬೇಕಾದವರು ಅಂತ ಗೊತ್ತಾದರೆ ಜನ ಬರುತ್ತಾರೆ.

ಪ್ರಶ್ನೆ: ನಮ್ಮದು ಹವ್ಯಾಸಿ ಖಗೋಳ ವೀಕ್ಷಕರ ಫೋರಂ. ದಿನಾ ಒಂದು ಪ್ರಶ್ನೆ ಹಾಕುತ್ತೇನೆ, ಯಾರೂ ಉತ್ತರಿಸಲ್ಲ. ಒಟ್ಟು 22 ವಿಭಾಗಗಳಿವೆ, ಎಲ್ಲದರಲ್ಲೂ ನನ್ನ ಹೆಸರೇ ಕಾಣುತ್ತೆ. ಬೇಸರವಾಗಿದೆ.

ಉತ್ತರ: ನಿಮ್ಮ ಶ್ರದ್ಧೆಯಲ್ಲಿ ಕೊರತೆ ಇಲ್ಲ, ಪ್ರಶ್ನೆಗಳಲ್ಲಿದೆ. ನೀವು ಕಳಿಸಿದ ಮಾದರಿ ನೋಡಿದೆವು: "ನಿಮ್ಮ ಇಷ್ಟದ ಗ್ರಹ ಯಾವುದು?" ಇದಕ್ಕೆ ಉತ್ತರ ಹೇಳಿದರೂ ಯಾರಿಗೂ ಏನೂ ಆಗಬೇಕಾಗಿಲ್ಲ. ಕೇಳಿದವರಿಗೇ ಉತ್ತರ ಬೇಕಿಲ್ಲ ಅಂತ ಓದುವವರಿಗೆ ಗೊತ್ತಾಗಿಬಿಡುತ್ತೆ. ಇದರ ಬದಲು ಹೀಗೆ ಕೇಳಿ ನೋಡಿ: "ನನ್ನ 6 ಇಂಚಿನ ದರ್ಪಣ ದೂರದರ್ಶಕದಲ್ಲಿ ಗುರುಗ್ರಹದ ಎರಡು ಪಟ್ಟಿ ಸ್ಪಷ್ಟವಾಗಿ ಕಾಣುತ್ತವೆ, ಆದರೆ ಕೆಂಪು ಮಚ್ಚೆ ಒಂದು ಸಲವೂ ಕಂಡಿಲ್ಲ. ಕನ್ನಡಿಗಳ ಜೋಡಣೆ ಪರೀಕ್ಷಿಸಿದ್ದೇನೆ. ನಾನು ನೋಡಿದ ಹೊತ್ತು ತಪ್ಪಾ, ಐಪೀಸ್ ತಪ್ಪಾ?" ಇಲ್ಲಿ ಹಿಡಿಯಲು ಒಂದು ಎಳೆ ಇದೆ. ಗುರು ಹತ್ತು ಗಂಟೆಗೂ ಕಡಿಮೆ ಹೊತ್ತಿನಲ್ಲಿ ಒಂದು ಸುತ್ತು ತಿರುಗುತ್ತೆ, ಮಚ್ಚೆ ಅರ್ಧ ಹೊತ್ತು ಆ ಕಡೆಗೇ ಇರುತ್ತೆ ಅಂತ ಒಬ್ಬರು ಹೇಳುತ್ತಾರೆ, ಗಾಳಿ ಅಲುಗಾಡದ ರಾತ್ರಿ ನೋಡಿ ಅಂತ ಇನ್ನೊಬ್ಬರು, ದೂರದರ್ಶಕವನ್ನು ಮುಂಚೆಯೇ ಹೊರಗಿಟ್ಟು ತಣಿಸಿದ್ದೀರಾ ಅಂತ ಮತ್ತೊಬ್ಬರು. ಚರ್ಚೆ ಹುಟ್ಟುವುದು ಹೀಗೆ. ದಿನಕ್ಕೊಂದು ಬೇಡ, ವಾರಕ್ಕೊಂದು ಸಾಕು, ಆದರೆ ಉತ್ತರ ನಿಮಗೆ ನಿಜವಾಗಲೂ ಬೇಕಾಗಿರಲಿ.

22 ವಿಭಾಗಗಳನ್ನು ನಾಲ್ಕಕ್ಕೆ ಇಳಿಸಿ. ದೊಡ್ಡ ಕಲ್ಯಾಣ ಮಂಟಪದಲ್ಲಿ ಎಂಟು ಜನ ಕೂತರೆ ಖಾಲಿ ಕಾಣುತ್ತೆ, ಅದೇ ಎಂಟು ಜನ ಒಂದು ಸಣ್ಣ ಕೋಣೆಯಲ್ಲಿ ತುಂಬಿದ ಸಭೆ. ಹಳೆಯ ಪೋಸ್ಟ್‌ಗಳನ್ನು ಅಳಿಸಬೇಕಾಗಿಲ್ಲ, ಜರುಗಿಸಿದರೆ ಸಾಕು, ಕೊಂಡಿಗಳು ಮುರಿಯದ ಹಾಗೆ ನೋಡಿಕೊಳ್ಳಿ. ಯಾವುದಾದರೂ ವಿಷಯ ನಿಜವಾಗಿಯೂ ಉಕ್ಕಿ ಹರಿಯತೊಡಗಿದರೆ ಆಗ ಅದಕ್ಕೆ ಬೇರೆ ವಿಭಾಗ ಮಾಡಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೆಲವರು ಸುಳ್ಳು ಖಾತೆ ತೆರೆದು ತಾವೇ ಕೇಳಿ ತಾವೇ ಉತ್ತರಿಸಿ ಚಟುವಟಿಕೆ ತೋರಿಸುತ್ತಾರೆ. ದೊಡ್ಡ ಸೈಟುಗಳೂ ಆರಂಭದಲ್ಲಿ ಇದನ್ನು ಮಾಡಿವೆ, ರೆಡಿಟ್ ಸ್ಥಾಪಕರೇ ಮೊದಲ ದಿನಗಳಲ್ಲಿ ಹೀಗೆ ಮಾಡಿದ್ದನ್ನು ಬಹಿರಂಗವಾಗಿ ಹೇಳಿದ್ದಾರೆ. ನಿಮ್ಮದು ಪರಸ್ಪರ ನಂಬಿಕೆ ಮೇಲೆ ನಿಂತ ಸಣ್ಣ ಗುಂಪು. ಅಲ್ಲಿ ಇದು ಗೊತ್ತಾದರೆ ಇರುವ ನಾಲ್ಕು ಜನರೂ ಮುಖ ತಿರುಗಿಸುತ್ತಾರೆ. ಖಂಡಿತ ಬೇಡ.

ಪ್ರಶ್ನೆ: ನಮ್ಮ ಫೋರಂನಲ್ಲಿ ಒಬ್ಬ ಹಿರಿಯ ಸದಸ್ಯರಿದ್ದಾರೆ. ಅವರಷ್ಟು ತಿಳಿದವರು ಇಲ್ಲ. ಆದರೆ ಹೊಸಬರು ಏನು ಕೇಳಿದರೂ "ಮೊದಲು ಹುಡುಕಿ ನೋಡಿ, ಇದನ್ನು ನೂರು ಸಲ ಹೇಳಿ ಆಗಿದೆ" ಅಂತ ಬೈಯುತ್ತಾರೆ. ಅವರನ್ನು ಕಳೆದುಕೊಳ್ಳಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಅವರೊಬ್ಬರನ್ನು ಉಳಿಸಿಕೊಳ್ಳಲು ನೀವು ಎಷ್ಟು ಜನರನ್ನು ಕಳೆದುಕೊಂಡಿದ್ದೀರಿ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ, ಅದೇ ತೊಂದರೆ. ಬೈಸಿಕೊಂಡ ಹೊಸಬರು ದೂರು ಕೊಡಲ್ಲ, ಟ್ಯಾಬ್ ಮುಚ್ಚಿ ಹೋಗುತ್ತಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದು ದೊಡ್ಡ ಮಟ್ಟದಲ್ಲೇ ಆಯಿತು. ಅಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರ ಹೊತ್ತಿಗೆ ತುತ್ತತುದಿ ಮುಟ್ಟಿ ಆಮೇಲೆ ಇಳಿಯತೊಡಗಿತು. ಕಾರಣ ಹುಡುಕಿದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಖ್ಯವಾಗಿ ಕಂಡದ್ದು ಇದು: ಒಳ್ಳೆಯ ಮನಸ್ಸಿನಿಂದ ಬರೆದ ಹೊಸಬರ ಬರಹವನ್ನೂ ಕಸ ಅಂತ ತೆಗೆದುಹಾಕುವುದು ಜಾಸ್ತಿಯಾಗಿತ್ತು, ಹಾಗೆ ತಿರಸ್ಕಾರ ಕಂಡವರು ಉಳಿಯುವುದು ಕಡಿಮೆಯಾಗಿತ್ತು. 2012ರಲ್ಲಿ ವಿಕಿಪೀಡಿಯ ಹೊಸಬರಿಗೆಂದೇ ಟೀಹೌಸ್ ಅಂತ ಒಂದು ಜಾಗ ತೆರೆಯಿತು. ಅಲ್ಲಿ ಎಂಥ ಸಣ್ಣ ಪ್ರಶ್ನೆಯನ್ನಾದರೂ ಕೇಳಬಹುದು, ಉತ್ತರಿಸಲು ಒಪ್ಪಿಕೊಂಡು ಕೂತವರೇ ಉತ್ತರಿಸುತ್ತಾರೆ.

ನೀವೂ ಅಂಥ ಒಂದು ವಿಭಾಗ ಮಾಡಬಹುದು. ಆದರೆ ಮೊದಲು ಆ ಹಿರಿಯರ ಜೊತೆ ಮಾತಾಡಿ, ಖಾಸಗಿಯಾಗಿ, ಗೌರವದಿಂದ, ನಿರ್ದಿಷ್ಟವಾಗಿ. "ನೀವು ಒರಟು" ಅಂದರೆ ಜಗಳ. "ಮಂಗಳವಾರದ ಥ್ರೆಡ್‌ನಲ್ಲಿ ನೀವು ಬರೆದ ಎರಡನೇ ಸಾಲು ಓದಿ ಆ ಹುಡುಗ ಮತ್ತೆ ಬರಲಿಲ್ಲ" ಅಂದರೆ ಅವರು ಯೋಚಿಸುತ್ತಾರೆ. ಅವರ ಸಿಟ್ಟಿನ ಹಿಂದೆ ಸುಸ್ತು ಇದೆ ಅನ್ನುವುದನ್ನೂ ನೋಡಬೇಕು. ಒಂದೇ ಪ್ರಶ್ನೆಗೆ ವರ್ಷಗಟ್ಟಲೆ ಉತ್ತರಿಸಿದವರಿಗೆ ಹಾಗಾಗುವುದು ಸಹಜ ಅಲ್ವಾ? ಆ ನೂರು ಸಲ ಕೇಳಿದ ಪ್ರಶ್ನೆಗಳಿಗೆ ಒಂದು ಒಳ್ಳೆಯ ಉತ್ತರ ಬರೆಸಿ, ಅವರ ಹೆಸರಲ್ಲೇ ಮೇಲೆ ಇಡಿ. ಇನ್ನು ಮೇಲೆ ಹೊಸಬರಿಗೆ ಮೊದಲ ಉತ್ತರ ಬೇರೆಯವರು ಕೊಡಲಿ, ಕಷ್ಟದ್ದು ಮಾತ್ರ ಅವರ ಹತ್ತಿರ ಹೋಗಲಿ.

ಇಷ್ಟಾದರೂ ಬದಲಾಗದಿದ್ದರೆ ನಿಯಮ ಎಲ್ಲರಿಗೂ ಒಂದೇ. ಒಂದು ಎಚ್ಚರಿಕೆ, ಒಂದು ವಾರದ ತಡೆ, ಆಮೇಲೆ ಹೊರಗೆ. ಜ್ಞಾನಿ ಅನ್ನುವ ಕಾರಣಕ್ಕೆ ವಿನಾಯಿತಿ ಕೊಟ್ಟರೆ ನಿಮ್ಮ ಮಾತಿಗೆ ಇನ್ಯಾರೂ ಬೆಲೆ ಕೊಡಲ್ಲ.

ಪ್ರಶ್ನೆ: ನಮ್ಮವರೆಲ್ಲ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಿಬಿಟ್ಟರು. ಇನ್ನು ಫೋರಂ ಯಾಕೆ ಬೇಕು?

ಉತ್ತರ: ಹರಟೆಗೆ ಬೇಡ. ನೆನಪಿಗೆ ಬೇಕು. ಗುಂಪಿನಲ್ಲಿ ನಿನ್ನೆ ಕೊಟ್ಟ ಚಿನ್ನದಂಥ ಉತ್ತರ ಇವತ್ತು ಶುಭೋದಯದ ಚಿತ್ರಗಳ ಅಡಿ ಹೂತು ಹೋಗುತ್ತೆ, ಹೊಸದಾಗಿ ಸೇರಿದವರಿಗೆ ಹಿಂದಿನದೆಲ್ಲ ಕಾಣುವುದೂ ಇಲ್ಲ, ಹೊರಗಿನವರು ಹುಡುಕಿದರೆ ಸಿಗುವುದಂತೂ ಇಲ್ಲವೇ ಇಲ್ಲ. ಗುಂಪಿನ ಗಾತ್ರಕ್ಕೂ 1024 ಜನರ ಮಿತಿ ಇದೆ. ಜನರನ್ನು ಅಲ್ಲಿಂದ ಎಳೆದು ತರಲು ಹೋಗಬೇಡಿ. ವಾರಕ್ಕೊಮ್ಮೆ ಅಲ್ಲಿನ ಒಳ್ಳೆಯ ಪ್ರಶ್ನೋತ್ತರವನ್ನು, ಬರೆದವರನ್ನು ಕೇಳಿ, ಫೋರಂನಲ್ಲಿ ಹಾಕಿ. ಮತ್ತೆ ಅದೇ ಪ್ರಶ್ನೆ ಬಂದಾಗ ಗುಂಪಿನಲ್ಲಿ ಆ ಕೊಂಡಿ ಕೊಡಿ. ಕೆಲವರು ಕೊಂಡಿ ಹಿಡಿದು ಬಂದು ಅಲ್ಲೇ ಉಳಿಯುತ್ತಾರೆ.

ಪ್ರಶ್ನೆ: ಹತ್ತು ವರ್ಷ ಬರೆದ ಸದಸ್ಯರೊಬ್ಬರು ತಮ್ಮ ಎಲ್ಲ ಪೋಸ್ಟ್ ಅಳಿಸಿ ಅನ್ನುತ್ತಿದ್ದಾರೆ. ಅಳಿಸಿದರೆ ನೂರಾರು ಚರ್ಚೆ ಅರ್ಥವಿಲ್ಲದಂತಾಗುತ್ತವೆ.

ಉತ್ತರ: ಮೊದಲು ಯಾಕೆ ಅಂತ ಕೇಳಿ. ಹೆಚ್ಚಿನ ಸಲ ಅವರಿಗೆ ಬೇಕಾದ್ದು ತಮ್ಮ ಹೆಸರು ಹುಡುಕಾಟದಲ್ಲಿ ಬರಬಾರದು ಅಂತ ಅಷ್ಟೇ. ಹೆಸರು, ಇಮೇಲ್, ಫೋಟೋ, ಅವರ ಗುರುತು ಹೇಳುವ ವಿವರಗಳನ್ನು ತೆಗೆದು ತಾಂತ್ರಿಕ ಉತ್ತರ ಉಳಿಸಲು ಬಹಳ ಜನ ಒಪ್ಪುತ್ತಾರೆ. ಒಪ್ಪದಿದ್ದರೆ ಅಳಿಸಿ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಕಾನೂನು ವೈಯಕ್ತಿಕ ಮಾಹಿತಿ ಅಳಿಸುವಂತೆ ಕೇಳುವ ಹಕ್ಕು ಕೊಟ್ಟಿದೆ. ನಿಮ್ಮ ಸದಸ್ಯರು ಎಲ್ಲೆಲ್ಲಿದ್ದಾರೆ ಅನ್ನುವುದರ ಮೇಲೆ ಇಂಥ ಕಾನೂನುಗಳು ನಿಮಗೂ ತಾಗಬಹುದು.

ಪ್ರಶ್ನೆ: ಎಲ್ಲ ಪ್ರಯತ್ನ ಮಾಡಿದೆವು. ಇನ್ನು ನಡೆಸಲು ನಮ್ಮಲ್ಲಿ ಶಕ್ತಿ ಇಲ್ಲ. ಮುಚ್ಚುವುದಾದರೆ ಹೇಗೆ ಮುಚ್ಚಬೇಕು?

ಉತ್ತರ: ಇದನ್ನು ಕೇಳಿದ್ದಕ್ಕೇ ನಿಮಗೆ ವಂದನೆ. ಎಷ್ಟೋ ಜನ ಏನೂ ಹೇಳದೆ ಸರ್ವರ್ ಬಾಡಿಗೆ ನಿಲ್ಲಿಸಿಬಿಡುತ್ತಾರೆ, ಬರೆದವರಿಗೆ ತಮ್ಮ ಬರಹ ಹೋಯಿತು ಅಂತ ಗೊತ್ತಾಗುವುದು ಪುಟ ತೆರೆಯದಿದ್ದಾಗಲೇ. ದೊಡ್ಡ ಕಂಪನಿಗಳೂ ಇದರಲ್ಲಿ ಒಳ್ಳೆಯ ಮಾದರಿ ಹಾಕಿಕೊಟ್ಟಿಲ್ಲ. ಯಾಹೂ ಕಂಪನಿಯ ಚರ್ಚಾ ಗುಂಪುಗಳ ಸೇವೆ ಯಾಹೂ ಗ್ರೂಪ್ಸ್‌ನಲ್ಲಿದ್ದ ಹಳೆಯ ಸಂದೇಶಗಳನ್ನು ಅಳಿಸುತ್ತೇವೆ ಅಂತ 2019ರ ಅಕ್ಟೋಬರ್‌ನಲ್ಲಿ ಹೇಳಿದ ಕಂಪನಿ ಜನರಿಗೆ ಕೊಟ್ಟದ್ದು ಕೆಲವೇ ವಾರಗಳ ಸಮಯ. ಸ್ವಯಂಸೇವಕರು ಹಗಲೂ ರಾತ್ರಿ ಕೂತು ಉಳಿಸಿಕೊಂಡಷ್ಟು ಉಳಿಯಿತು.

ನೀವು ಮೂರು ತಿಂಗಳಾದರೂ ಮೊದಲೇ ಹೇಳಿ. "ಯಾರಾದರೂ ವಹಿಸಿಕೊಳ್ಳುತ್ತೀರಾ?" ಅಂತ ಒಂದು ಸಲ ಬಾಯಿಬಿಟ್ಟು ಕೇಳಿ. ಮುಂದೆ ಬಂದವರು ಆ ವಿಷಯದಲ್ಲಿ ಹಿಂದೆ ಬರೆದವರಾ, ಸುಮ್ನೆ ಜಾಹೀರಾತಿಗೆ ಜಾಗ ಹುಡುಕುವವರಾ ಅಂತ ನೋಡಿ ಕೊಡಿ. ಯಾರೂ ಬರದಿದ್ದರೆ ಬರೆಯುವುದನ್ನು ನಿಲ್ಲಿಸಿ, ಓದಲು ಮಾತ್ರ ತೆರೆದಿಡಿ. ಪುಟಗಳನ್ನೆಲ್ಲ ಸರಳ ಎಚ್‌ಟಿಎಂಎಲ್ ಮಾಡಿಸಿದರೆ ಡೇಟಾಬೇಸ್ ಬೇಡ, ಅಪ್‌ಡೇಟ್ ಬೇಡ, ಹ್ಯಾಕ್ ಆಗುವ ಭಯ ಕಡಿಮೆ, ಖರ್ಚೂ ಅಲ್ಪ. ಖಾಸಗಿ ಸಂದೇಶ, ಇಮೇಲ್ ವಿಳಾಸ, ಪಾಸ್‌ವರ್ಡ್ ಇರುವ ಭಾಗ ಅದರಲ್ಲಿ ಸೇರಬಾರದು, ಅವುಗಳ ಹಳೆಯ ಬ್ಯಾಕಪ್‌ಗಳನ್ನೂ ಅಳಿಸಿ. ಸಾರ್ವಜನಿಕ ಪುಟಗಳನ್ನು ವೇಬ್ಯಾಕ್ ಮಷೀನ್ ನಡೆಸುವ ಇಂಟರ್ನೆಟ್ ಆರ್ಕೈವ್‌ಗೂ ಸೇರಿಸಿ. ಆಮೇಲೆ ಡೊಮೇನ್ ಹೆಸರನ್ನು ತಕ್ಷಣ ಬಿಟ್ಟುಕೊಡಬೇಡಿ. ನಿಮ್ಮಿಂದ ಆಗುವಷ್ಟು ವರ್ಷಕ್ಕೆ ಒಟ್ಟಿಗೇ ನವೀಕರಿಸಿ, ಅದರ ನೋಟಿಸ್ ಇಬ್ಬರ ಇಮೇಲ್‌ಗೆ ಬರುವ ಹಾಗೆ ಮಾಡಿಡಿ.